ಕೈಯಿಂದ ಮಾಡಿದರೆ ಸಾಕೇ?

ಹೊಸ ವರ್ಷ ಹಾಗೂ ಸಂಕ್ರಾಂತಿಗಳು ಸಮೀಪಿಸಿದಂತೆ ಗುಂಡ್ಲುಪೇಟೆ, ಚಾಮರಾಜನಗರಗಳ ಶಾಲಾ ಕಾಲೇಜುಗಳಲ್ಲಿ ಶುಭಾಶಯ ಪತ್ರ ತಯಾರಿಕೆಯ ಸ್ಪರ್ಧೆಗಳು ಆರಂಭವಾಗುತ್ತವೆ. ಅಂಗಡಿಯಿಂದ ಕೊಂಡ ಪತ್ರಕ್ಕಿಂತ ಸ್ವತಃ ಮಾಡಿದ ಪತ್ರ ಶ್ರೇಷ್ಠ ಎಂದು ಅಧ್ಯಾಪಕರು ಹೇಳುತ್ತಾರೆ. ಪರಿಸರಕ್ಕೂ ಅದೇ ಹಿತಕರ ಎಂಬ ಮಾತು ಪ್ರಾಸ್ತಾವಿಕ ಭಾಷಣದಲ್ಲಿ ತಪ್ಪದೆ ಸೇರುತ್ತದೆ. ಮೊದಲನೆಯ ಮಾತಿನಲ್ಲಿ ನನಗೆ ಸಂದೇಹವಿಲ್ಲ. ಎರಡನೆಯದನ್ನು ಮಾತ್ರ ಪರೀಕ್ಷಿಸದೆ ಒಪ್ಪಲಾಗದು. ಒಂದು ವಸ್ತುವನ್ನು ಕೈಯಿಂದ ಮಾಡಿದ್ದೇವೆ ಎಂದ ಮಾತ್ರಕ್ಕೆ ಅದು ಮಣ್ಣಿಗೆ ಸ್ನೇಹಿತನಾಗುವುದಿಲ್ಲ. ಅದು ಯಾವ ಮಣ್ಣಿನಿಂದ ಬಂತು, ಕೊನೆಗೆ ಯಾವ ಮಣ್ಣನ್ನು ಸೇರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಅಂಥ ತೀರ್ಮಾನ ಸಾಧ್ಯ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪ್ರಶ್ನೆಯೇ ಎಂದು ಓದುಗರು ಕೇಳಬಹುದು. ನಾವಿರುವುದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಂಚಿನಲ್ಲಿ. ಇಲ್ಲಿ ಎಸೆದದ್ದು ದೂರ ಹೋಗುವುದಿಲ್ಲ. ಶಾಲೆಯ ಮೇಜಿನಿಂದ ಮನೆಯ ಗೋಡೆಗೆ, ಗೋಡೆಯಿಂದ ತಿಪ್ಪೆಗೆ, ತಿಪ್ಪೆಯಿಂದ ಗೊಬ್ಬರದ ಗಾಡಿಯಲ್ಲಿ ಹೊಲಕ್ಕೆ: ಹಳ್ಳಿಯಲ್ಲಿ ಶುಭಾಶಯ ಪತ್ರವೊಂದರ ಪ್ರಯಾಣ ಇದು. ತಿಪ್ಪೆಯನ್ನು ಕೆದಕುವ ದನಕರುಗಳು ನಡುವೆ ಅದರ ರುಚಿಯನ್ನೂ ನೋಡುತ್ತವೆ.

ಹೊಳಪಿನ ಹಿಂದೆ ಏನಿದೆ?

ಈಗ ಪೇಟೆಯ ಸ್ಟೇಷನರಿ ಅಂಗಡಿಗಳಲ್ಲಿ ದೊರೆಯುವ ಕರಕುಶಲ ಸಾಮಗ್ರಿಗಳನ್ನು ಒಮ್ಮೆ ಗಮನಿಸಿ. ಪತ್ರದ ಮೇಲೆ ಚಿಮುಕಿಸುವ ಮಿನುಗುಪುಡಿ ಬಹುಪಾಲು ಪಾಲಿಯೆಸ್ಟರ್ ಹಾಳೆಗೆ ಅಲ್ಯೂಮಿನಿಯಂ ಲೇಪಿಸಿ ಕತ್ತರಿಸಿದ ಚೂರು. ಹೂವು, ಚಿಟ್ಟೆಗಳ ಮೆತ್ತನೆಯ ಅಂಟುಚಿತ್ರಗಳು ಪ್ಲಾಸ್ಟಿಕ್ ನೊರೆಯಿಂದಾದವು. ಥಳಥಳಿಸುವ ದಪ್ಪ ಹಾಳೆಗೆ ಪ್ಲಾಸ್ಟಿಕ್ ಪದರವಿದೆ. ಕಾಗದ ಕೊಳೆತರೂ ಆ ಪದರ ಉಳಿಯುತ್ತದೆ. ಎಂಬಾಸಿಂಗ್ ಎನ್ನುವ ಉಬ್ಬಚ್ಚಿನ ಕೆಲಸದಲ್ಲಿ ಎರಡು ಬಗೆ. ಕಾಗದವನ್ನು ಅಚ್ಚಿಗೆ ಒತ್ತಿ ಉಬ್ಬಿಸುವುದು ಹಳೆಯ ಬಗೆ. ಅದರಲ್ಲಿ ಕಾಗದದ ಹೊರತು ಬೇರೇನೂ ಇಲ್ಲ. ಹಸಿ ಶಾಯಿಯ ಮುದ್ರೆಯ ಮೇಲೆ ಪುಡಿ ಉದುರಿಸಿ, ಬಿಸಿಗಾಳಿಯಿಂದ ಕರಗಿಸಿ ಉಬ್ಬಿಸುವುದು ಹೊಸ ಬಗೆ. ಕರಗುವ ಆ ಪುಡಿ ಪ್ಲಾಸ್ಟಿಕ್‌ನ ಜಾತಿಗೇ ಸೇರಿದ ರಾಳ. ಬಿಡಿಭಾಗಗಳನ್ನು ಅಂಟಿಸುವ ಬಿಸಿಗೋಂದಿನ ಕಡ್ಡಿಯೂ ಅದೇ ಕುಲದ್ದು.

ಹೀಗೆ ಒಂದು ಅಂಗೈಯಗಲದ ಪತ್ರದಲ್ಲಿ ನಾಲ್ಕೈದು ಬಗೆಯ ಪ್ಲಾಸ್ಟಿಕ್ ಸೇರಿಕೊಂಡಿರುತ್ತದೆ. ಇವನ್ನು ಬೇರ್ಪಡಿಸಲು ಯಾರಿಂದಲೂ ಆಗದು, ಆದ್ದರಿಂದ ಯಾವ ರದ್ದಿ ವ್ಯಾಪಾರಿಯೂ ಕೊಳ್ಳುವುದಿಲ್ಲ. ಯುರೋಪಿಯನ್ ಒಕ್ಕೂಟವು 2023ರ ಅಕ್ಟೋಬರ್‌ನಿಂದ ಸಡಿಲ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟವನ್ನು ನಿರ್ಬಂಧಿಸಿತು. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯನ್ನು ಓದಿದವರಿಗೆ ಅಲಂಕಾರದ ಥರ್ಮೋಕೋಲ್ ಅದರಲ್ಲಿರುವುದು ಗೊತ್ತು. ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಅದೇ ಪಟ್ಟಿಯಲ್ಲಿದೆ ಎಂಬುದನ್ನು ಎಷ್ಟು ಮಂದಿ ಗಮನಿಸಿದ್ದೇವೆ? ಮದುವೆಯ ಮನೆಗಳಿಂದ ಇಂದಿಗೂ ಅಂಥ ಪತ್ರಿಕೆಗಳು ಬರುತ್ತಲೇ ಇವೆ.

ಕಾಗದವೂ ನಿರಪರಾಧಿಯಲ್ಲ

ಪ್ಲಾಸ್ಟಿಕ್ ಬಿಟ್ಟರೆ ಸಾಕೆನ್ನುವವರು ಕಾಗದದ ಚರಿತ್ರೆಯನ್ನೂ ಸ್ವಲ್ಪ ತಿಳಿಯಬೇಕು. ಕಳೆದ ಶತಮಾನದ ಐವತ್ತರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಪಶ್ಚಿಮ ಘಟ್ಟದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತೆಂಬುದನ್ನು ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವ ಮೇದರು ಅದೇ ಬಿದಿರಿಗೆ ಪೇಟೆಯಲ್ಲಿ ತೆರಬೇಕಾಗಿದ್ದ ಬೆಲೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದು. ಮುಂದೆ 1984ರಲ್ಲಿ ಸರ್ಕಾರ ಮತ್ತು ಖಾಸಗಿ ಉದ್ಯಮದ ಜಂಟಿ ಸಂಸ್ಥೆಯಾಗಿ ಕರ್ನಾಟಕ ಪಲ್ಪ್‌ವುಡ್ಸ್ ಹುಟ್ಟಿಕೊಂಡಿತು. ತಿರುಳಿನ ಮರಕ್ಕಾಗಿ ಊರೊಟ್ಟಿನ ಭೂಮಿಯಲ್ಲಿ ನೀಲಗಿರಿ ನೆಡುವುದು ಅದರ ಉದ್ದೇಶ. ಇದರ ವಿರುದ್ಧ 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಅದೇ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ. ಆ ಸಂಸ್ಥೆ ಕೊನೆಗೆ ಮುಚ್ಚಿತು. ಕಾಗದದ ಹಾಳೆಯೊಂದರ ಹಿಂದೆ ಊರಿನ ಗೋಮಾಳವೂ ಇರಬಹುದು ಎಂಬ ಪಾಠವನ್ನು ಆ ಚಳವಳಿ ನಾಡಿಗೆ ಕಲಿಸಿತು.

ಆದ್ದರಿಂದ ಒಂದು ಶುಭಾಶಯ ಪತ್ರಕ್ಕೆ ನಾಲ್ಕು ಹೊಸ ದಪ್ಪ ಹಾಳೆ ಕತ್ತರಿಸಿ, ಮೂರನ್ನು ಚೂರಾಗಿ ಗುಡಿಸಿ ಹಾಕುವ ಕಲೆಯನ್ನು ಪರಿಸರಸ್ನೇಹಿ ಎಂದು ಕರೆಯಲು ನನಗೆ ಸಂಕೋಚವಾಗುತ್ತದೆ.

ನಮ್ಮ ಅಚ್ಚು, ನಮ್ಮ ಉಳಿ

ಮುದ್ರೆ ಒತ್ತುವುದು, ಅಚ್ಚಿನಿಂದ ಕತ್ತರಿಸುವುದು, ಉಬ್ಬಿಸುವುದು ಇವು ಹೊರಗಿನಿಂದ ಕಿಟ್ ಡಬ್ಬದಲ್ಲಿ ಬಂದ ವಿದ್ಯೆಗಳೆಂಬ ಭಾವನೆ ವಿದ್ಯಾರ್ಥಿಗಳಲ್ಲಿದೆ. ಹಾಗಲ್ಲ. ಸಂಕ್ರಾಂತಿಗೆ ಎಳ್ಳು ಬೀರುವಾಗ ತಟ್ಟೆಯಲ್ಲಿಡುವ ಸಕ್ಕರೆ ಅಚ್ಚನ್ನು ನೆನೆಯಿರಿ. ಮರದಲ್ಲಿ ಒಳಮುಖವಾಗಿ ಕೆತ್ತಿದ ಆನೆ, ಗಿಳಿ, ಬೃಂದಾವನಗಳಿಗೆ ಪಾಕ ಹೊಯ್ದು ಉಬ್ಬುರೂಪ ಪಡೆಯುವುದು ಉಬ್ಬಚ್ಚಲ್ಲದೆ ಮತ್ತೇನು? ಒಳ್ಳೆಯ ಮಾತಿನೊಡನೆ ಮನೆಯಿಂದ ಮನೆಗೆ ಹೋಗುವ ಆ ತಟ್ಟೆಯೇ ನಮ್ಮ ಸೀಮೆಯ ಶುಭಾಶಯ ಪತ್ರ. ತೊಗಲುಗೊಂಬೆ ಮಾಡುವವರು ಹದಗೊಳಿಸಿದ ತೊಗಲಿನಲ್ಲಿ ಸಣ್ಣ ಉಳಿಗಳಿಂದ ರಂಧ್ರ ತೆಗೆದು, ಬೆಳಕು ಹಾಯುವ ಆಭರಣಗಳನ್ನು ಮೂಡಿಸುತ್ತಾರೆ. ಉಕ್ಕಿನ ಅಚ್ಚಿನಿಂದ ಒಂದೇ ಒತ್ತಿಗೆ ಕಾಗದ ಕತ್ತರಿಸುವ ಡೈ ಕಟಿಂಗ್ ಯಂತ್ರಕ್ಕೆ ಹಲವು ಸಾವಿರ ರೂಪಾಯಿ ತೆರಬೇಕು. ಊರ ಕಮ್ಮಾರರಿಂದ ಮಾಡಿಸಿದ ಮೂರು ಉಳಿ ಹಾಗೂ ಚಪ್ಪಲಿ ಹೊಲಿಯುವವರು ಬಳಸುವ ತೂತಿನ ಉಳಿಯಿಂದ ಶಾಲೆಯ ಕೆಲಸಕ್ಕೆ ಬೇಕಾದುದೆಲ್ಲ ಸಾಧ್ಯ.

ಕೈಯಿಂದ ಮಾಡಿದ ಚಿತ್ರಪತ್ರಗಳಿಗೂ ಈ ನೆಲದಲ್ಲಿ ಪರಂಪರೆಯಿದೆ. ಅರಿಕುಠಾರವೆಂಬ ಊರಿಗೆ 1818ರಲ್ಲಿ ತಮ್ಮ ತಂದೆಯ ಹೆಸರಿನಿಂದ ಚಾಮರಾಜನಗರವೆಂದು ನಾಮಕರಣ ಮಾಡಿದ ಮುಮ್ಮಡಿ ಕೃಷ್ಣರಾಜ ಒಡೆಯರೇ ಮೈಸೂರು ಗಂಜೀಫಾ ಎಲೆಗಳ ಹೊಸ ಆಟಗಳನ್ನು ರೂಪಿಸಿದವರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಇನ್ನು ನಮ್ಮ ಮನೆಗಳ ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಹಚ್ಚುವ ಅರಿಸಿನವಂತೂ ಎಲ್ಲರಿಗೂ ತಿಳಿದದ್ದೇ. ಬೆರಳೇ ಮುದ್ರೆ, ಅರಿಸಿನವೇ ಬಣ್ಣ.

ಬಾಳೆಯ ಪಟ್ಟೆಯಿಂದ ಹಾಳೆ

ಹಾಗಾದರೆ ಕಾಗದ ಎಲ್ಲಿಂದ ಬರಬೇಕು? ನಮ್ಮ ತಾಲ್ಲೂಕುಗಳಲ್ಲಿ ಉತ್ತರ ಕಣ್ಣೆದುರಿಗೇ ಇದೆ. ಬಾಳೆ ಒಮ್ಮೆ ಗೊನೆ ಕೊಟ್ಟ ಮೇಲೆ ಆ ಗಿಡದ ಆಯುಸ್ಸು ಮುಗಿಯಿತು. ಕಡಿದ ಬೊಡ್ಡೆಗಳು ತೋಟದ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ ರಾಶಿ ಬೀಳುತ್ತವೆ. ಅದರ ಹೊರಪಟ್ಟೆಗಳಲ್ಲಿ ಉದ್ದನೆಯ, ಗಟ್ಟಿಯಾದ ನಾರಿದೆ. ಬಳಸಿದ ನೋಟುಪುಸ್ತಕದ ಕಾಗದವನ್ನು ನೆನೆಸಿ ಅರೆದಾಗ ಅದರ ನಾರು ತುಂಡಾಗಿ ಹಾಳೆ ಬಲಹೀನವಾಗುತ್ತದೆ. ಮೂರರಲ್ಲಿ ಒಂದು ಪಾಲು ಬಾಳೆನಾರು ಬೆರೆತರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಉದ್ದ ನಾರಿನ ಹಾಳೆ ಹಸಿಯಿರುವಾಗ ಹರಿಯದೆ ಹಿಗ್ಗುವುದರಿಂದ ಉಬ್ಬಚ್ಚಿಗೂ ಅದೇ ಯೋಗ್ಯ.

ವಿಧಾನ ಸರಳ. ಪಟ್ಟೆಗಳನ್ನು ಸೀಳಿ ಒಂದಂಗುಲದ ಚೂರು ಮಾಡಿ, ಸೋಸಿದ ಬೂದಿನೀರಿನಲ್ಲಿ ನಾರು ಬೆರಳಿಗೆ ಸಡಿಲವಾಗುವವರೆಗೆ ಕೆಲವು ಗಂಟೆ ಬೇಯಿಸಬೇಕು. ಬೂದಿನೀರು ಚರ್ಮವನ್ನು ಸುಡಬಲ್ಲದು. ಈ ಹಂತ ಹಿರಿಯರ ಕೈಯಲ್ಲೇ ಇರಲಿ. ಚೆನ್ನಾಗಿ ತೊಳೆದು, ಒರಳಿನಲ್ಲಿ ಕುಟ್ಟಿ, ಅರೆದ ಹಳೆಯ ಕಾಗದದೊಡನೆ ಬೆರೆಸಿ, ಅಗಲವಾದ ತೊಟ್ಟಿಯ ನೀರಿಗೆ ಹಾಕಬೇಕು. ಮರದ ಚೌಕಟ್ಟಿಗೆ ಬಿಗಿದ ಸೊಳ್ಳೆಪರದೆಯ ಜಾಲರಿಯನ್ನು ಅದರಲ್ಲಿ ಮುಳುಗಿಸಿ ಸಮವಾಗಿ ಎತ್ತಿದರೆ ನೀರು ಬಸಿದು ತೆಳುವಾದ ಪದರ ನಿಲ್ಲುತ್ತದೆ. ಅದನ್ನು ಹಳೆಯ ಪಂಚೆಯ ಮೇಲೆ ಮಗುಚಿ, ಭಾರ ಹೇರಿ, ನೆರಳಿನಲ್ಲಿ ಒಣಗಿಸಿದರೆ ಹಾಳೆ ಸಿದ್ಧ. ಶಾಯಿ ಹರಡದಂತೆ ತೆಳ್ಳಗಿನ ಅನ್ನದ ಗಂಜಿ ಹಚ್ಚಬಹುದು. ಕಂಬಳಿ ನೇಯುವವರು ಹಾಸಿಗೆ ಹಾಕುವ ಹುಣಸೆಬೀಜದ ಸರಿಯೂ ಒಳ್ಳೆಯ ಅಂಟು. ಒದ್ದೆ ತಿರುಳನ್ನು ನೀರಿನಲ್ಲಿ ನೆನೆಸಿದ ಸಕ್ಕರೆ ಅಚ್ಚಿಗೆ ಒತ್ತಿ ಒಣಗಲು ಬಿಟ್ಟರೆ ಆನೆಯೋ ಗಿಳಿಯೋ ಉಬ್ಬಿ ಬರುತ್ತದೆ. ಯಾವ ರಾಳದ ಪುಡಿಯೂ ಬೇಡ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು.

ಮೊದಲನೆಯದು, ಬಾಳೆಯ ಬೊಡ್ಡೆ ಕಸವಲ್ಲ. ಬಾಳೆ ಭೂಮಿಯಿಂದ ಹೀರುವ ಪೊಟ್ಯಾಷ್‌ನ ದೊಡ್ಡ ಪಾಲು ಕಾಂಡ ಹಾಗೂ ಎಲೆಗಳಲ್ಲಿ ಉಳಿದಿರುತ್ತದೆ. ತೋಟದ ಬೊಡ್ಡೆಗಳನ್ನೆಲ್ಲ ನಾರಿಗೆಂದು ಸಾಗಿಸಿದರೆ ಮಣ್ಣಿನ ಸತ್ವವನ್ನೇ ಗಾಡಿಗೆ ಹೇರಿದಂತೆ. ಹೊರಪಟ್ಟೆಯನ್ನಷ್ಟೇ ತೆಗೆದುಕೊಂಡು, ಉಳಿದದ್ದನ್ನು ಕೊಚ್ಚಿ ಅದೇ ತೋಟಕ್ಕೆ ಮುಚ್ಚಿಗೆಯಾಗಿ ಹಿಂದಿರುಗಿಸಬೇಕು.

ಎರಡನೆಯದು, ರೋಗ. ನೆರೆಯ ನಂಜನಗೂಡಿನ ರಸಬಾಳೆಯನ್ನು ಪನಾಮಾ ಸೊರಗು ರೋಗ ಯಾವ ಸ್ಥಿತಿಗೆ ತಂದಿತೆಂಬುದು ಈ ಭಾಗದ ಬೆಳೆಗಾರರೆಲ್ಲರಿಗೂ ಗೊತ್ತು. ಆ ಶಿಲೀಂಧ್ರ ಸೋಂಕಿದ ಗಿಡದ ಭಾಗಗಳಲ್ಲಿ, ಅದಕ್ಕಂಟಿದ ಮಣ್ಣಿನಲ್ಲಿ ಪ್ರಯಾಣ ಮಾಡುತ್ತದೆ. ಸೊರಗಿದ ತೋಟದ ಬೊಡ್ಡೆಯನ್ನು ಬೇರೆ ಊರಿಗೆ ಒಯ್ಯುವುದು ಬೇಡವೇ ಬೇಡ.

ಮೂರನೆಯದು, ತೊಳೆದ ನೀರು. ಉದ್ಯಮದ ಪ್ರಮಾಣದಲ್ಲಿ ನಾರು ಬೇಯಿಸಲು ಕಾಸ್ಟಿಕ್ ಸೋಡಾ ಬಳಸುತ್ತಾರೆ. ಅದರಲ್ಲಿರುವ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಚದುರಿಸಿ, ನೀರು ಇಂಗದಂತೆ ನೆಲವನ್ನು ಗಟ್ಟಿಮಾಡುತ್ತದೆ. ನಾಲೆ ನೀರಿನಿಂದ ಈಗಾಗಲೇ ಚೌಳು ಹಿಡಿದ ಗದ್ದೆಗಳಿಗೆ ಇದು ಗಾಯದ ಮೇಲಿನ ಬರೆ. ಬೂದಿನೀರಿನಲ್ಲಿರುವುದು ಮುಖ್ಯವಾಗಿ ಪೊಟ್ಯಾಷ್, ಕೆಡುಕು ಕಡಿಮೆ. ಆದರೂ ಅದನ್ನು ಕೆರೆಗೆ ಬಿಡದೆ, ಬಹಳ ನೀರು ಬೆರೆಸಿ ಗೊಬ್ಬರದ ಗುಂಡಿಗೆ ಹಂಚಿ ಹಾಕುವುದು ಕ್ಷೇಮ.

ಬಣ್ಣ, ಮುದ್ರೆ

ಜೂನ್ ತಿಂಗಳಿಂದ ಗುಂಡ್ಲುಪೇಟೆಯ ಹೆದ್ದಾರಿಗಳ ಎರಡೂ ಬದಿಯ ಹೊಲಗಳು ಚೆಂಡುಹೂವಿನಿಂದ ಹಳದಿಯಾಗುತ್ತವೆ. ಹೂವಿನ ಹೆಚ್ಚು ಪಾಲು ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಉಳಿದ, ಬಾಡಿದ ಹೂವನ್ನು ಚಿಟಿಕೆ ಸ್ಫಟಿಕದೊಡನೆ ಕುದಿಸಿದರೆ ಕಾಗದಕ್ಕೆ ಒಳ್ಳೆಯ ಹಳದಿ ಬರುತ್ತದೆ. ಅರಿಸಿನವೂ ನಮ್ಮ ಜಿಲ್ಲೆಯದೇ ಬೆಳೆ. ಅರಿಸಿನ ಬಳಿದ ಹಾಳೆಯ ಮೇಲೆ ಸುಣ್ಣದ ತಿಳಿಯಿಂದ ಬರೆದರೆ ಅಕ್ಷರ ಕೆಂಪಾಗಿ ಮೂಡುತ್ತದೆ. ಓಕುಳಿಯ ನೀರು ಕೆಂಪಾಗುವುದೂ ಇದೇ ಗುಣದಿಂದ. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ. ಅರಿಸಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆಂಬುದನ್ನೂ ಮಕ್ಕಳಿಗೆ ಹೇಳಬೇಕು. ಕಪ್ಪಿಗೆ ದೀಪದ ಕಾಡಿಗೆ ಇದೆ.

ಮುದ್ರೆಗೆ ಅಡ್ಡ ಕೊಯ್ದ ಬೆಂಡೆಕಾಯಿ ಒಂದೇ ಸಾಕು, ಐದು ಎಸಳಿನ ಹೂವು ತಾನಾಗಿ ಬೀಳುತ್ತದೆ. ಆಲೂಗೆಡ್ಡೆಯಲ್ಲಿ ಬೇಕಾದ ಆಕಾರ ಕೆತ್ತಬಹುದು. ಬಾಳಿಕೆಯ ಮುದ್ರೆ ಬೇಕಾದರೆ ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕತ್ತರಿಸಿ ಮರದ ತುಂಡಿಗೆ ಅಂಟಿಸಿದರೆ ವರ್ಷಗಟ್ಟಲೆ ನಡೆಯುತ್ತದೆ. ಹಕ್ಕಿಯ ಗರಿ, ಚಿಟ್ಟೆಯ ರೆಕ್ಕೆ, ಕಾಡಿನ ಆರ್ಕಿಡ್ ಹೂವುಗಳನ್ನು ತಂದು ಅಂಟಿಸುವ ಚಪಲ ಮಾತ್ರ ಬೇಡ. ಕಾಡಿನ ಚೆಲುವನ್ನು ಕಿತ್ತು ಶುಭ ಹಾರೈಸುವುದರಲ್ಲಿ ಶುಭವೇನಿದೆ?

ಬೀಜದ ಪತ್ರ: ಒಳ್ಳೆಯ ಉದ್ದೇಶ, ದೊಡ್ಡ ಅಪಾಯ

ಈಚಿನ ವರ್ಷಗಳಲ್ಲಿ ಬೀಜ ಹುದುಗಿಸಿದ ಕಾಗದದ ಪತ್ರಗಳು ಪ್ರಚಾರ ಪಡೆದಿವೆ. ಓದಿ ಮಣ್ಣಿಗೆ ಹಾಕಿದರೆ ಗಿಡ ಹುಟ್ಟುತ್ತದೆ ಎಂಬ ಕಲ್ಪನೆ ಮನೋಹರ. ನಗರದ ಮನೆಯ ಕುಂಡದಲ್ಲಿ ಅದು ನಿರುಪದ್ರವಿಯೂ ಹೌದು. ಕಾಡಂಚಿನ ಊರಿನಲ್ಲಿ ಹಾಗಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ನೆಲವನ್ನು ಆವರಿಸಿರುವ ಲಂಟಾನ ಈ ದೇಶಕ್ಕೆ ಬಂದದ್ದು 19ನೆಯ ಶತಮಾನದ ಆರಂಭದಲ್ಲಿ, ಉದ್ಯಾನದ ಅಲಂಕಾರದ ಗಿಡವಾಗಿ. ಬಂಡೀಪುರ, ಮುದುಮಲೈ, ವಯನಾಡುಗಳಲ್ಲಿ ಹಬ್ಬುತ್ತಿರುವ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರವನ್ನೂ ನೆಟ್ಟದ್ದು ಚೆಲುವಿಗಾಗಿ, ನೆರಳಿಗಾಗಿ. ಅಂದು ತಂದವರ ಉದ್ದೇಶ ಕೆಟ್ಟದಾಗಿರಲಿಲ್ಲ. ಬೀಜಕ್ಕೆ ಮಾತ್ರ ಉದ್ದೇಶ ತಿಳಿಯದು.

ಒಂದು ವಿಪರ್ಯಾಸವನ್ನೂ ಗಮನಿಸಿ. ಈಗ ತಮಿಳುನಾಡಿನಲ್ಲಿ ಮುದುಮಲೈ ಕಾಡಿನಿಂದ ಕಡಿದು ತೆಗೆದ ಸೆನ್ನಾ ಮರಗಳು ಸರ್ಕಾರಿ ಕಾಗದ ಕಾರ್ಖಾನೆಗೆ ಹೋಗಿವೆ; ಕಳೆ ಕಾಗದವಾಗಿದೆ. ಬೀಜದ ಪತ್ರವನ್ನು ವಿವೇಚನೆಯಿಲ್ಲದೆ ಹಂಚಿದರೆ ಕಾಗದವೇ ಕಳೆಯಾಗುವ ಕಾಲ ಬಂದೀತು.

ಬೀಜ ಹಾಕಲೇಬೇಕೆಂದಿದ್ದರೆ ದಂಟಿನಸೊಪ್ಪು, ರಾಗಿ, ಹುಚ್ಚೆಳ್ಳು, ತುಳಸಿಗಳಂಥ ನಮ್ಮ ಹೊಲ ಹಿತ್ತಿಲುಗಳ ಸಣ್ಣ ಬೀಜ ಸಾಕು. ದಪ್ಪ ಬೀಜ ಒತ್ತುವಾಗ ಒಡೆಯುತ್ತದೆ. ಒದ್ದೆ ತಿರುಳಿನಲ್ಲಿ ಬೀಜ ನೀರು ಹೀರಿ ಎಚ್ಚರಗೊಳ್ಳತೊಡಗುತ್ತದೆ. ಹಾಳೆ ನಿಧಾನವಾಗಿ ಒಣಗಿದಷ್ಟೂ ಮೊಳಕೆಯ ಶಕ್ತಿ ಕುಂದುತ್ತದೆ. ಉಬ್ಬಚ್ಚಿನ ಒತ್ತಡ ಹಾಗೂ ಬಿಸಿ ಇಸ್ತ್ರಿಪೆಟ್ಟಿಗೆ ಬೀಜದ ಹಾಳೆಗೆ ಸಲ್ಲವು. ಹಂಚುವ ಮೊದಲು ಹಾಳೆಯ ಒಂದು ಚೂರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. ಮೊಳೆಯದ ಬೀಜದ ಪತ್ರ ಸುಳ್ಳು ಭರವಸೆಯ ಪತ್ರ.

ಇನ್ನು ಲಂಟಾನವನ್ನೇ ಕಾಗದ ಮಾಡಬಾರದೇ ಎಂದು ಕೇಳುವವರಿದ್ದಾರೆ. ಅದರ ಕಾಂಡ ಗಟ್ಟಿಯಾದ ಕಟ್ಟಿಗೆ. ಮೆತ್ತಗಾಗಿಸಲು ತೀಕ್ಷ್ಣ ರಾಸಾಯನಿಕ ಬೇಕು, ಹಳ್ಳಿಯ ಒಲೆಗೆ ಅದು ತಕ್ಕುದಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ನೆರವಿನಿಂದ ಲಂಟಾನದ ಪೀಠೋಪಕರಣ, ಕರಕುಶಲ ವಸ್ತುಗಳನ್ನು ಮಾಡಿ ಅದರ ಸರಿಯಾದ ಉಪಯೋಗವನ್ನು ತೋರಿಸಿದ್ದಾರೆ. ಪತ್ರಕ್ಕೆ ಚೌಕಟ್ಟು ಬೇಕಾದವರು ಅವರಿಂದ ಕಲಿಯಬಹುದು.

ಜೀವನೋಪಾಯದ ಮಾತು

ಶುಭಾಶಯ ಪತ್ರ ತಯಾರಿಕೆಯನ್ನು ಸ್ತ್ರೀಶಕ್ತಿ ಸಂಘಗಳಿಗೆ ಆದಾಯದ ಮಾರ್ಗವೆಂದು ತರಬೇತಿ ಕೊಡುವವರಿದ್ದಾರೆ. ಸತ್ಯವನ್ನು ಹೇಳಬೇಕು. ಹಬ್ಬದ ಶುಭಾಶಯ ಈಗ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಮುಟ್ಟುತ್ತದೆ. ಪತ್ರದ ಮಾರುಕಟ್ಟೆ ವರ್ಷದಲ್ಲಿ ಕೆಲವೇ ವಾರಗಳದ್ದು. ಸಾಲ ಮಾಡಿ ಯಂತ್ರ, ಹೊರಗಿನ ಕಿಟ್ ಕೊಂಡರೆ ಲಾಭ ಕಿಟ್ ಮಾರಿದವರಿಗೆ ಮಾತ್ರ. ನಮ್ಮ ಊರುಗಳಲ್ಲಿ ಪ್ರತಿ ಮನೆಯೂ ತಪ್ಪದೆ ಮುದ್ರಿಸುವ ಪತ್ರವೊಂದಿದೆ, ಅದು ಲಗ್ನಪತ್ರಿಕೆ. ನೂರಾರು ಪ್ರತಿಯ ಬದಲು ಬಂಧುಗಳ ಮನೆಗೆ ಐವತ್ತು ಬಾಳೆನಾರಿನ ಪತ್ರಿಕೆ, ಉಳಿದವರಿಗೆ ಬಾಯಿಮಾತಿನ ಕರೆ ಎಂಬ ಪದ್ಧತಿ ಬಂದರೆ ವೆಚ್ಚವೂ ತಗ್ಗೀತು, ಸಂಘದ ಮಹಿಳೆಯರಿಗೆ ಲಗ್ನದ ತಿಂಗಳುಗಳಲ್ಲಿ ಕೆಲಸವೂ ದೊರೆತೀತು. ಬೇಡಿಕೆಯನ್ನು ಮೊದಲು ಖಚಿತಪಡಿಸಿಕೊಂಡು ಆಮೇಲೆ ತೊಟ್ಟಿ ಕಟ್ಟಿಸುವುದು ವಿವೇಕ.

ನಾವು ಮಾಡಬಹುದಾದದ್ದು

ಎರಡನೆಯ ಮಹಾಯುದ್ಧದ ನಂತರ ನೆರವು ಪಡೆದ ಜೆಕೊಸ್ಲೊವಾಕಿಯಾದ ಏಳು ವರ್ಷದ ಬಾಲಕಿಯೊಬ್ಬಳು ಕೃತಜ್ಞತೆಯಿಂದ ಬಿಡಿಸಿ ಕಳಿಸಿದ ಚಿತ್ರ 1949ರಲ್ಲಿ ಯುನಿಸೆಫ್‌ನ ಮೊದಲ ಶುಭಾಶಯ ಪತ್ರವಾಯಿತು. ಪತ್ರದ ಬೆಲೆ ಹೊಳಪಿನಲ್ಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ನಮ್ಮ ಸ್ಪರ್ಧೆಗಳಲ್ಲಿ ಅಂಕ ಬೀಳುವುದು ಇಂದಿಗೂ ಹೊಳಪಿಗೇ. ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ತೀರ್ಪಿನ ನಿಯಮಗಳಿಗೆ ಇನ್ನೊಂದನ್ನು ಸೇರಿಸಿ. ಪತ್ರದ ಹಿಂಬದಿಯಲ್ಲಿ ವಿದ್ಯಾರ್ಥಿಯು ತಾನು ಬಳಸಿದ ಪ್ರತಿಯೊಂದು ವಸ್ತು ಎಲ್ಲಿಂದ ಬಂತೆಂದು ಒಂದೊಂದು ಸಾಲು ಬರೆಯಲಿ. ಸ್ಪರ್ಧೆ ಮುಗಿದ ಮೇಲೆ ಪ್ರತಿ ಪತ್ರದಿಂದ ಅಂಗುಲದಷ್ಟು ಚೂರನ್ನು ಕತ್ತರಿಸಿ ಶಾಲೆಯ ಗೊಬ್ಬರದ ಗುಂಡಿಯಲ್ಲಿ ಹೂತು, ಮೂರು ತಿಂಗಳ ನಂತರ ಮಕ್ಕಳ ಎದುರಿನಲ್ಲೇ ಅಗೆದು ನೋಡಿ. ಯಾವುದು ಮಣ್ಣಾಯಿತು, ಯಾವುದು ಹೊಳೆಯುತ್ತಲೇ ಉಳಿಯಿತು ಎಂಬುದನ್ನು ಅವರೇ ಪಟ್ಟಿ ಮಾಡಲಿ. ಬಹುಮಾನವನ್ನು ಆ ದಿನ ಕೊಡೋಣ.

ಗ್ರಾಮಸ್ಥರಲ್ಲಿಯೂ ಒಂದು ಕೋರಿಕೆ. ಈ ವರ್ಷದ ಮದುವೆಗಳಿಗೆ ಪ್ಲಾಸ್ಟಿಕ್ ಸುತ್ತಿದ ಪತ್ರಿಕೆಯನ್ನು ಮಾಡಿಸಬೇಡಿ; ಮುದ್ರಣಾಲಯದವರು ಕೊಟ್ಟರೂ ಹಿಂದಿರುಗಿಸಿ. ನಾಲ್ಕು ಮೂಲೆಯ ಅರಿಸಿನಕ್ಕೆ ಸಮನಾದ ಅಲಂಕಾರ ಇನ್ನೊಂದಿಲ್ಲ.